ಒಂದೇ ಒಂದು ಇದ್ದದ್ದಕ್ಕೆ ಮಾಡೆಲ್ ಉಂಟು, ಸಾವಿರಗಟ್ಟಲೆ ಓಡಿದ್ದಕ್ಕೆ ಇಲ್ಲ

(ಉಡುಪಿಯಲ್ಲಿ ರೈಲು ಮಾಡೆಲ್ ಆಸಕ್ತರ ಮುಂದೆ ಆಡಿದ ಮಾತು)

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತದಾ? ಫ್ಯಾನಿನ ಸದ್ದು ಜಾಸ್ತಿ ಇದೆ, ಆದರೆ ಈ ಸೆಕೆಯಲ್ಲಿ ಅದನ್ನು ನಿಲ್ಲಿಸಿ ಅಂತ ಹೇಳುವ ಧೈರ್ಯ ನನಗಿಲ್ಲ.

ಮೇಜಿನ ಮೇಲೆ ಸ್ವಲ್ಪ ಹಳಿ ಜೋಡಿಸಿಟ್ಟಿದ್ದೇನೆ. ಕೊನೆಗೆ ಓಡಿಸೋಣ. ಮಕ್ಕಳು ಈಗಲೇ ಮುಟ್ಟಬೇಡಿ, ಎಂಜಿನ್ನಿನ ಕೈಕಂಬಿಗಳು ಇನ್ನೂ ಸರಿಯಾಗಿ ಅಂಟಿಲ್ಲ.

ಮೊದಲು ಒಂದು ಕತೆ. ಬ್ರಿಟನ್ನಿನಲ್ಲಿ ಕೆಸ್ಟ್ರೆಲ್ ಅಂತ ಒಂದು ಡೀಸೆಲ್ ಎಂಜಿನ್ ಇತ್ತು. 1967ರಲ್ಲಿ ಕಟ್ಟಿದ್ದು, 4000 ಅಶ್ವಶಕ್ತಿ. ಕಟ್ಟಿದ್ದು ಒಂದೇ ಒಂದು. ಅಲ್ಲಿನ ರೈಲ್ವೆಗೆ ಅದು ಬೇಡವಾಯಿತು, 1971ರಲ್ಲಿ ಸೋವಿಯತ್ ರಷ್ಯಕ್ಕೆ ಮಾರಿದರು. ಇವತ್ತು ಅದು ಇಲ್ಲ. ಆದರೆ ಹೆಲ್ಯಾನ್ ಅನ್ನುವ ಡೆನ್ಮಾರ್ಕಿನ ಕಂಪನಿ ಅದರ ಮಾಡೆಲ್ ಮಾಡಿದೆ. ಡಬ್ಬ ತೆರೆ, ಹಳಿ ಮೇಲಿಡು, ಓಡಿಸು. ಫಾಲ್ಕನ್ ಅಂತ ಇನ್ನೊಂದು, ಅದೂ ಒಂದೇ, ಅದಕ್ಕೂ ಮಾಡೆಲ್ ಉಂಟು. ಫೆಲ್ ಅಂತ ಮತ್ತೊಂದು, ಮೋಟಾರಿನ ಬದಲು ಗೇರಿನಿಂದ ಗಾಲಿ ತಿರುಗಿಸಲು ಹೊರಟ ವಿಚಿತ್ರ ಎಂಜಿನ್, ಅದೂ ಒಂದೇ, ಅದಕ್ಕೂ ಉಂಟು. ಕೋ-ಬೋ ಅಂತ 20 ಎಂಜಿನ್ ಕಟ್ಟಿದ್ದರು, ಒಂದು ಕಡೆ ಮೂರು ಜೋಡಿ ಗಾಲಿ, ಇನ್ನೊಂದು ಕಡೆ ಎರಡೇ ಜೋಡಿ, ಹತ್ತು ವರ್ಷವೂ ಸರಿಯಾಗಿ ದುಡಿಯಲಿಲ್ಲ. ಅದರ ಮಾಡೆಲ್ 1961ರಲ್ಲೇ ಹಾರ್ನ್‌ಬಿ ಡಬ್ಲೋ ಹೆಸರಿನಲ್ಲಿ ಅಂಗಡಿಗೆ ಬಂದಿತ್ತು!

ಈಗ ನಮ್ಮ ರೈಲ್ವೆಯ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ನೋಡಿ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂತು, 1964ರಿಂದ ವಾರಾಣಸಿಯಲ್ಲೇ ಕಟ್ಟಿದರು, ಎರಡೂವರೆ ಸಾವಿರಕ್ಕೂ ಜಾಸ್ತಿ. ಇಲ್ಲಿ ಕೂತವರಲ್ಲಿ ನಲವತ್ತು ದಾಟಿದವರೆಲ್ಲ ಒಂದಲ್ಲ ಒಂದು ಸಲ ಅದರ ಹಿಂದೆ ಪ್ರಯಾಣ ಮಾಡಿಯೇ ಇರುತ್ತೀರಿ. ಅದರ ಹೊಗೆ ಕಿಟಕಿಯಿಂದ ಒಳಗೆ ಬಂದು ಬಿಳಿ ಅಂಗಿ ಹಾಳಾದವರೂ ಇರುತ್ತೀರಿ. ದೊಡ್ಡ ಕಂಪನಿಗಳ ಕ್ಯಾಟಲಾಗ್ ತೆರೆದು ಅದನ್ನು ಹುಡುಕಿ, ಆಮೇಲೆ ನನಗೆ ಬೈಯಿರಿ.

ಯಾಕೆ ಇಲ್ಲ ಅಂದರೆ ಜನ ಕೊಡುವ ಮೊದಲ ಉತ್ತರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಓ ಅಳತೆ ಅಂದರೆ 87ರಲ್ಲಿ ಒಂದು ಪಾಲು. ಭಾಗಿಸಿದರೆ ಹಳಿಯ ಅಗಲ 19 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬರಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5. ಸುಮಾರು ಮೂರು ಮಿಲಿಮೀಟರ್ ಕಡಿಮೆ, ಎಂಜಿನ್ ಮುಂದಿನಿಂದ ನೋಡಿದರೆ ದೊಡ್ಡ ಹೊಟ್ಟೆಯವನು ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಭಾರತದ ಮಾಡೆಲ್ ಆಗುವುದಿಲ್ಲ ಅಂತ ಹೇಳುತ್ತಾರೆ.

ನನಗೆ ಇದು ನೆಪ ಅಂತಲೇ ಅನಿಸುವುದು. ಬ್ರಿಟನ್ನಿನವರು 76ರಲ್ಲಿ ಒಂದು ಪಾಲಿನ ಎಂಜಿನನ್ನು ಇದೇ 16.5ರ ಹಳಿಯ ಮೇಲೆ ಓಡಿಸುತ್ತಾರೆ. ಅವರದ್ದೂ ತಪ್ಪೇ, ಲೆಕ್ಕ ಹಾಕಿದರೆ ನಿಜವಾದ ಹಳಿಗಿಂತ ಏಳು ಇಂಚು ಕಿರಿದು. ಇಡೀ ದೇಶ ಅದನ್ನು ನುಂಗಿಕೊಂಡು ಸುಖವಾಗಿದೆ. ಸ್ಪೇನಿನ ಗೇಜ್ 1668, ನಮಗಿಂತ ಎಂಟು ಮಿಲಿಮೀಟರ್ ಅಷ್ಟೇ ಕಡಿಮೆ. ಅವರ ಎಲೆಕ್ಟ್ರೋಟ್ರೆನ್ ಕಂಪನಿ ಎಚ್‌ಓದಲ್ಲಿ ಆರಾಮವಾಗಿ ಮಾಡೆಲ್ ಮಾಡಿ ಮಾರುತ್ತದೆ. ಸುಮ್ನೆ ತಮಾಷೆಗೆ ಇನ್ನೊಂದು ಲೆಕ್ಕ: ನೂರರಲ್ಲಿ ಒಂದು ಪಾಲು ಮಾಡಿದರೆ ನಮ್ಮ ಬ್ರಾಡ್‌ಗೇಜ್ 16.76 ಮಿಲಿಮೀಟರ್, ಅಂಗಡಿಯ ಹಳಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಆದರೆ ಆಗ ಪಕ್ಕದಲ್ಲಿಡುವ ಮನೆ, ಮನುಷ್ಯ, ದನ ಯಾವುದೂ ಹೊಂದುವುದಿಲ್ಲ.

ನಿಜವಾದ ಕಾರಣ ಲೆಕ್ಕಪುಸ್ತಕದಲ್ಲಿದೆ. ಪ್ಲಾಸ್ಟಿಕ್ ಬಾಡಿಗೆ ಉಕ್ಕಿನ ಅಚ್ಚು ಬೇಕು. ಹತ್ತು ಮಾಡಿದರೂ ಅಚ್ಚಿನ ಖರ್ಚು ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ಬ್ರಿಟನ್ನಿನಲ್ಲಿ ಕ್ರಿಸ್ಮಸ್ಸಿಗೆ ರೈಲು ಸೆಟ್ ಸಿಕ್ಕಿದ ಮಗು ಬೆಳೆದು, ದುಡಿದು, ಪೆನ್ಷನ್ ತೆಗೆದುಕೊಳ್ಳುವಾಗ ಮತ್ತೆ ರೈಲಿಗೆ ಬರುತ್ತದೆ. ಕೆಸ್ಟ್ರೆಲ್ ಕೊಳ್ಳುವವನು ಅವನೇ. ಅವನ ಕಪಾಟಿನಲ್ಲಿ ಉಳಿದದ್ದೆಲ್ಲ ಆಗಲೇ ಬಂದಾಗಿದೆ, ಅದಕ್ಕೇ ಒಂದೇ ಒಂದು ಇದ್ದ ಎಂಜಿನ್ನಿಗೂ ಗಿರಾಕಿ. ನಮ್ಮಲ್ಲಿ ನಾವು ಬೆಂಕಿಪೊಟ್ಟಣ ಸಾಲಾಗಿ ಜೋಡಿಸಿ ರೈಲು ಬಿಟ್ಟವರು. ನಮ್ಮ ಪೆನ್ಷನ್ ಸೋಮಾರಿಯಲ್ಲ ಮಾರಾಯ್ರೇ, ಮಗಳ ಮದುವೆಗೆ ಹೋಗುತ್ತದೆ.

ಮೇಲಿಂದ ಸುಂಕ. ಕಸ್ಟಮ್ಸಿನ ಪಟ್ಟಿಯಲ್ಲಿ ಇದು ಆಟಿಕೆ. ಅರವತ್ತರ ಮುದುಕ ಭೂತಗನ್ನಡಿ ಹಿಡಿದು ನೋಡುವ ಸಾಮಾನು, ಹೆಸರು ಮಾತ್ರ ಆಟಿಕೆ! 2020ರಲ್ಲಿ ಆಟಿಕೆಯ ಆಮದು ಸುಂಕ 20ರಿಂದ ಶೇಕಡಾ 60ಕ್ಕೆ ಹೋಯಿತು, 2023ರಲ್ಲಿ 70ಕ್ಕೆ. ಇಲ್ಲಿನ ಆಟಿಕೆ ತಯಾರಕರಿಗೆ ಅದರಿಂದ ಉಸಿರು ಬಂದಿರಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ನಾವು ಚಾಸಿಗಾಗಿ, ಅಂದರೆ ಗಾಲಿ, ಮೋಟಾರು ಇರುವ ಅಡಿಭಾಗಕ್ಕಾಗಿ, ಹೊರಗಿನಿಂದ ಒಂದು ಹಳೇ ಎಂಜಿನ್ ತರಿಸಿದರೆ ಅದರ ಬೆಲೆ ಮನೆಯವಳ ಹತ್ತಿರ ಹೇಳುವ ಹಾಗಿಲ್ಲ. ನನ್ನದು ಒಂದು ಸಲ ಬಂದದ್ದು ಗಾಲಿ ಬೇರೆ, ಬಾಡಿ ಬೇರೆ ಆಗಿ. ಕಳಿಸಿದ ಅಂಗಡಿಯವರು ಡಬ್ಬದೊಳಗೆ ಒಂದು ಕಾಗದದ ಚೂರೂ ತುಂಬಿಸಿರಲಿಲ್ಲ. ಸುಂಕ ಮಾತ್ರ ಇಡೀ ಎಂಜಿನ್ನಿಗೆ ಕಟ್ಟಿದ್ದೆ.

ಈಗ ಆ ಎಂಜಿನ್ ಕೈಯಲ್ಲಿ ಹಿಡಿಯುತ್ತೇನೆ, ನೋಡಿ. ತಲೆಕೆಳಗೆ ಮಾಡಿ ತೋರಿಸುತ್ತೇನೆ, ನನ್ನ ಮಾತೆಲ್ಲ ಇರುವುದು ಇಲ್ಲಿ ಅಡಿಯಲ್ಲಿ. ಇದು ಅಟ್ಲಾಸ್ ಕಂಪನಿಯ ಆರ್‌ಎಸ್‌ಡಿ ಎಂಜಿನ್, ಅಮೆರಿಕದ್ದು, ಇದರ ಮೂಲವೂ ಆಲ್ಕೋ. ಬೋಗಿಯ ಮೂರು ಗಾಲಿ ನೋಡಿ. ಬೋಗಿ ಅಂದರೆ ಇಲ್ಲಿ ಪ್ರಯಾಣಿಕರ ಡಬ್ಬಿಯಲ್ಲ, ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಒಂದು ಮತ್ತು ಎರಡನೆಯದರ ನಡುವೆ ಒಂದು ಅಂತರ, ಎರಡು ಮತ್ತು ಮೂರನೆಯದರ ನಡುವೆ ಬೇರೆ ಅಂತರ. ನಡುವಿನ ಗಾಲಿ ನಡುವಲ್ಲಿ ಇಲ್ಲ. ಇದಕ್ಕೆ ಟ್ರೈಮೌಂಟ್ ಅನ್ನುತ್ತಾರೆ. ನಮ್ಮ ಡಬ್ಲ್ಯೂಡಿಎಂ-2ರದ್ದೂ ಇದೇ ಕಾಲು. ಉದ್ದವೂ ಹತ್ತಿರ ಹತ್ತಿರ: ನಮ್ಮದು ಬಫರಿಂದ ಬಫರಿಗೆ 17 ಮೀಟರು ಮತ್ತು ಸ್ವಲ್ಪ, ಎಚ್‌ಓದಲ್ಲಿ ಒಂದಡಿ ಸ್ಕೇಲಿನ ಮುಕ್ಕಾಲು ಭಾಗ ಆಗುವುದಿಲ್ಲ. ಹಾಗಾಗಿ ಇದರ ಬಾಡಿ ಕಿತ್ತು, ಮೇಲೆ ನಮ್ಮ ಬಾಡಿ ಕೂರಿಸಿದ್ದೇನೆ. ಬೇರೆ ಯಾವುದೋ ಅಗ್ಗದ ಚಾಸಿ ಹಾಕಿದ್ದರೆ ಗಾಲಿಗಳು ಸಮ ಅಂತರದಲ್ಲಿರುತ್ತಿದ್ದವು, ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತೂ ಆಗುತ್ತಿರಲಿಲ್ಲ. ಉಳಿದ ಹತ್ತು ಜನ ಇವತ್ತು ಈ ಹಾಲಿನಲ್ಲಿದ್ದೀರಿ.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ: ಖಾಲಿ ಇರುವ ಜಾಗ ಬಾಡಿಯದ್ದಲ್ಲ, ಈ ಕಾಲಿನದ್ದು. ಬಾಡಿ ಮಾಡಲು ಇವತ್ತು ನಮ್ಮ ಊರಿನ ಹುಡುಗರಿಗೆ ಬರುತ್ತದೆ. ತ್ರೀಡಿ ಪ್ರಿಂಟರ್ ಉಂಟು, ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಇಂಜಿನಿಯರಿಂಗ್ ಓದಿದ ಮಗನೋ ಅಳಿಯನೋ ಮನೆಗೊಬ್ಬ ಇದ್ದಾನೆ. ಕೈಯಿಂದ ಸಣ್ಣ ಬ್ಯಾಚಿನಲ್ಲಿ ಮಾಡಿ ಮಾರುವವರೂ ಇದ್ದಾರೆ. ಆದರೆ ಮೋಟಾರು, ವರ್ಮ್ ಗೇರು, ಎಲ್ಲ ಗಾಲಿಯಿಂದಲೂ ಕರೆಂಟ್ ತೆಗೆಯುವ ಹಿತ್ತಾಳೆ ಪಟ್ಟಿ, ನಿಧಾನಕ್ಕೆ ಹೋದರೂ ತೊದಲದ ಓಟ, ಇದನ್ನು ಪ್ರಿಂಟ್ ಮಾಡಲು ಆಗುವುದಿಲ್ಲ. ಯಾರಾದರೂ ಒಬ್ಬರು ಒಂದು ಒಳ್ಳೆಯ ಟ್ರೈಮೌಂಟ್ ಬೋಗಿ ಮಾಡಿ, ಬರೀ ಬೋಗಿಯನ್ನೇ ಮಾರಲಿ. ಅದೇ ಬೋಗಿ ಡಬ್ಲ್ಯೂಡಿಎಂ-2ಕ್ಕೆ ಬರುತ್ತದೆ, 3100 ಅಶ್ವಶಕ್ತಿಯ ಡಬ್ಲ್ಯೂಡಿಎಂ-3ಎಗೆ ಬರುತ್ತದೆ, ಯಾರ್ಡಿನಲ್ಲಿ ಶಂಟಿಂಗ್ ಮಾಡುವ ಡಬ್ಲ್ಯೂಡಿಎಸ್-6ಕ್ಕೂ ಬರುತ್ತದೆ. ನಡುವಿನ ಚಾಸಿ ಉದ್ದ ಗಿಡ್ಡ ಮಾಡಿಕೊಂಡರೆ ಮುಗಿಯಿತು.

ಇಲ್ಲ, ಕಂಪನಿ ಬಂದರೆ ಏನು ಮಾಡುತ್ತದೆ ಗೊತ್ತುಂಟಾ? ಎರಡು ಕಡೆ ಡ್ರೈವರ್ ಕ್ಯಾಬ್ ಇರುವ ಡಬ್ಲ್ಯೂಡಿಪಿ-4ಡಿ ಮಾಡುತ್ತದೆ, ಬಣ್ಣ ಬಣ್ಣದ್ದು, ರಾಜಧಾನಿ ಎಳೆಯುವಂಥದ್ದು. ತಪ್ಪು ಅಂತ ಅಲ್ಲ. ಗೊಂಬೆ ಅಂಗಡಿಯ ಗಾಜಿನಲ್ಲಿ ಅದು ಚಂದ. ಆದರೆ ಪಣಂಬೂರಿನ ಯಾರ್ಡಿನಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ವ್ಯಾಗನ್ ತಳ್ಳಿದ ಶಂಟರ್ ಯಾರಿಗೂ ಬೇಡ. ಎಲ್ಲ ದೇಶದಲ್ಲೂ ಹೀಗೇ ಅಂತಲ್ಲ ಮತ್ತೆ. ಬ್ರಿಟನ್ನಿನಲ್ಲಿ ಕ್ಲಾಸ್ 08 ಶಂಟರ್ ಎಷ್ಟೋ ವರ್ಷದಿಂದ ಮಾರಾಟವಾಗುತ್ತಿದೆ, ಯಾಕೆಂದರೆ ಚಿಕ್ಕ ಕೋಣೆಯಲ್ಲಿ ಚಿಕ್ಕ ಹಳಿ ಇರುವವನಿಗೆ ಬೇಕಾಗುವುದೇ ಅದು. ನಮ್ಮ ಫ್ಲ್ಯಾಟುಗಳೇನು ದೊಡ್ಡದಾ?

ಮೀಟರ್‌ಗೇಜಿನದ್ದು ಇನ್ನೂ ಬೇಜಾರು. ನನ್ನ ಅಜ್ಜನ ಮನೆ ಪುತ್ತೂರಿನ ಹತ್ತಿರ. ರಜೆಯಲ್ಲಿ ಹೋದರೆ ಮಂಗಳೂರು–ಹಾಸನ ಹಳಿಯ ವೈಡಿಎಂ-4 ಡೀಸೆಲ್ ಎಂಜಿನ್ ನೋಡುವುದೇ ಕೆಲಸ. 1979ರಲ್ಲಿ ಪೂರ್ತಿಯಾದ ಹಳಿ ಅದು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದ ಕಡೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, 50 ಅಡಿ ಹೋದರೆ ಒಂದಡಿ ಏರು. ಆರು ಸಿಲಿಂಡರಿನ ಆ ಸಣ್ಣ ಎಂಜಿನ್ ಏದುಸಿರು ಬಿಡುತ್ತಾ ಹತ್ತುತ್ತಿತ್ತು. 90ರ ದಶಕದ ನಡುವಲ್ಲಿ ಗೇಜ್ ಬದಲಿಸಲು ಹಳಿ ಮುಚ್ಚಿದರು, ಪ್ರಯಾಣಿಕರ ರೈಲು ಮತ್ತೆ ಹತ್ತಿದ್ದು 2007ರಲ್ಲಿ, ಆಗ ವೈಡಿಎಂ ಇರಲಿಲ್ಲ. ಈಗ ಮಜಾ ಕೇಳಿ. ಇದರ ಅಣ್ಣತಮ್ಮ, ಅದೇ ಆಲ್ಕೋ ಡಿಎಲ್-535 ವಂಶದ್ದು, ಅಲಾಸ್ಕಾದ ವೈಟ್ ಪಾಸ್ ಅನ್ನುವ ಘಾಟಿ ರೈಲಿನಲ್ಲಿ ಓಡಿತು. ಆ ಎಂಜಿನ್ನಿನ ಮಾಡೆಲನ್ನು ಜರ್ಮನಿಯ ಎಲ್‌ಜಿಬಿ ಕಂಪನಿ ಮಾಡಿದೆ, ತೋಟದಲ್ಲಿ ಓಡಿಸುವ ದೊಡ್ಡ ಸೈಜಿನಲ್ಲಿ. ಹಿಮದ ಘಾಟಿಯದ್ದಕ್ಕೆ ಸಿಕ್ಕಿತು, ಮಳೆಯ ಘಾಟಿಯದ್ದಕ್ಕೆ ಸಿಗಲಿಲ್ಲ. ಇಲ್ಲಿ ಗೇಜಿನ ನೆಪವೂ ನಡೆಯುವುದಿಲ್ಲ. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿಲಿಮೀಟರ್. ಸ್ವಿಸ್ ಘಾಟಿ ರೈಲುಗಳಿಗಾಗಿ 12 ಮಿಲಿಮೀಟರಿನ ಹಳಿ ಎಷ್ಟೋ ಕಾಲದಿಂದ ಸಿಗುತ್ತದೆ.

ಇನ್ನು ಅಳತೆಯ ವಿಷಯ. ಮಾಡೆಲ್ ಮಾಡುವವನಿಗೆ ಪಕ್ಕದ ಫೋಟೋ ಬೇಕಾದಷ್ಟು ಸಿಗುತ್ತದೆ. ಸಿಗದಿರುವುದು ನೆತ್ತಿಯ ಫೋಟೋ. ಮಾಡೆಲನ್ನು ನಾವು ಯಾವಾಗಲೂ ಮೇಲಿನಿಂದ ನೋಡುವುದು, ಹಾಗಾಗಿ ನೆತ್ತಿ ತಪ್ಪಿದರೆ ಎಲ್ಲ ತಪ್ಪಿತು. ಡಬ್ಲ್ಯೂಡಿಎಂ-2ರ ಉದ್ದ ಮೂಗಿನ ಕೊನೆಯಲ್ಲಿ ಒಂದೇ ಒಂದು ದೊಡ್ಡ ರೇಡಿಯೇಟರ್ ಫ್ಯಾನ್, ಜಾಲರಿಯ ಅಡಿಯಲ್ಲಿ ಮಲಗಿಸಿದ ಹಾಗೆ ಇರುತ್ತದೆ. ಅದರ ರೆಕ್ಕೆ ಎಷ್ಟು, ಜಾಲರಿ ಹೇಗೆ ಹೆಣೆದಿದೆ ಅಂತ ನೋಡಲು ನಾನು ನಿಲ್ಲುತ್ತಿದ್ದದ್ದು ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ. ಎಂಜಿನ್ ಕೆಳಗೆ ಬಂದು ನಿಂತರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅಂಗಿಗೆ ಡೀಸೆಲ್ ವಾಸನೆ. ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡದ್ದು ಈಗಲೂ ಇದೆ, ಬೇಕಾದವರು ಆಮೇಲೆ ಫೋಟೋ ತೆಗೆದುಕೊಳ್ಳಿ. ಈಗ ಕೊಂಕಣ ಹಳಿಗೆ ಪೂರ್ತಿ ವಿದ್ಯುತ್ ಬಂದಿದೆ. 2022ರ ಜೂನ್ 20ರಂದು ವಿದ್ಯುತ್ ರೈಲಿಗೆ ಹಸಿರು ಬಾವುಟ ತೋರಿಸಿದ ಸ್ಟೇಷನ್ನುಗಳಲ್ಲಿ ನಮ್ಮ ಉಡುಪಿಯೂ ಒಂದು. ಒಳ್ಳೆಯದೇ. ಆದರೆ 25 ಸಾವಿರ ವೋಲ್ಟಿನ ತಂತಿಯ ಮೇಲೆ ಬರುವ ಸೇತುವೆಗೆ ಪಕ್ಕದಲ್ಲಿ ತಡೆ ಹಾಕುತ್ತಾರೆ, ಹಾಕಲೇಬೇಕು. ನೆತ್ತಿ ನೋಡುವ ಕಿಟಕಿ ಮುಚ್ಚಿತು. ನೋಡಬೇಕಾದ ಎಂಜಿನ್ನೂ ಕಡಿಮೆಯಾಯಿತು.

ಒಬ್ಬರು ಚಹಾ ಕುಡಿಯುವಾಗ ಕೇಳಿದರು, ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡಿಗೆ ಲಾರಿ ಹೊತ್ತು ಹೋಗುವ ರೋ-ರೋ ರೈಲು ಮಾಡೆಲ್ ಮಾಡಬಹುದಾ ಅಂತ. ಕೊಂಕಣ ರೈಲ್ವೆಯಲ್ಲಿ ರೋ-ರೋ ಶುರುವಾದದ್ದು 1999ರಲ್ಲಿ, ಸುರತ್ಕಲ್‌ಗೆ ಬಂದದ್ದು ಆಮೇಲೆ. ಇಡೀ ಕೊಂಕಣದಲ್ಲಿ ಅಷ್ಟು ಚಂದದ ರೈಲು ಇನ್ನೊಂದಿಲ್ಲ. ಚಪ್ಪಟೆ ವ್ಯಾಗನ್ ಸುಲಭ, ನಾನೇ ನಾಲ್ಕು ಮಾಡಿದ್ದೇನೆ. ಆದರೆ ಸ್ವಾಮೀ, ಅದರ ಮೇಲೆ ಹೇರಲು ನಲವತ್ತು ಲಾರಿ ಬೇಕು. ಹಿಂದೆ ಹಾರ್ನ್ ಪ್ಲೀಸ್ ಬರೆದ, ಟಾರ್ಪಾಲು ಕಟ್ಟಿದ ನಮ್ಮ ಲಾರಿಯನ್ನು ಎಚ್‌ಓದಲ್ಲಿ ಎಲ್ಲಿಂದ ತರುವುದು? ಆ ಖಾಲಿ ಜಾಗದ ಬಗ್ಗೆ ಇನ್ನೊಂದು ದಿನ ಇಷ್ಟೇ ಹೊತ್ತು ಮಾತಾಡಬೇಕು.

ಸದ್ದಿನ ವಿಷಯ ಮಾತ್ರ ಸಮಾಧಾನ. ಡಬ್ಲ್ಯೂಡಿಎಂ-2ರ ಹೊಟ್ಟೆಯೊಳಗಿರುವ ಆಲ್ಕೋ 251 ಎಂಜಿನ್ನಿನ ಸದ್ದು ತುಂಬಿದ ಡಿಕೋಡರ್ ಚಿಪ್ ಹೊರಗೆ ತಯಾರಾಗಿಯೇ ಸಿಗುತ್ತದೆ, ಯಾಕೆಂದರೆ ಅಮೆರಿಕದವರಿಗೂ ಆಸ್ಟ್ರೇಲಿಯದವರಿಗೂ ಅದು ಬೇಕು. ಇದರೊಳಗೆ ಹಾಕಿದ್ದೇನೆ. ಹಾರ್ನ್ ನಮ್ಮದಲ್ಲ, ಅಷ್ಟು ಕ್ಷಮಿಸಿ.

ಈಗ ಓಡಿಸುತ್ತೇನೆ. ಯಾರಾದರೂ ಫ್ಯಾನ್ ಒಂದು ನಿಮಿಷ ನಿಲ್ಲಿಸಿದರೆ ಐಡ್ಲಿಂಗ್ ಸದ್ದು ಕೇಳಿಸುತ್ತದೆ. ಹಾಂ, ಕೇಳಿ. ಪ್ರಶ್ನೆ ಇದ್ದವರು ಓಡುವಾಗಲೇ ಕೇಳಬಹುದು. ಆ ಕಿಟಕಿಯ ಕಡೆಯ ತಿರುವಿನಲ್ಲಿ ಹಳಿ ತಪ್ಪುವ ಚಾಳಿ ಇದಕ್ಕುಂಟು, ಅಲ್ಲಿ ಕೂತ ಅಕ್ಕ ಸ್ವಲ್ಪ ಕೈ ಅಡ್ಡ ಹಿಡಿದಿರಿ, ಕೆಳಗೆ ಸಿಮೆಂಟು ನೆಲ.