ಗೋಡೆ ಮೇಲೆ ಸವಿತಾ, ಸುತ್ತ ನೂರಾರು ಚೀಟಿ

[ದೃಶ್ಯ: ಡಬ್ಲಿನ್‌ನ ಒಂದು ಬೀದಿ. ಗೋಡೆ ಚಿತ್ರ ನಿಧಾನವಾಗಿ ಹತ್ತಿರ ಬರುತ್ತದೆ]

ಈ ಮುಖ ನಿಮ್ಮಲ್ಲಿ ಹಲವರಿಗೆ ಗೊತ್ತು. ಹಣೆಯಲ್ಲಿ ಬೊಟ್ಟು, ಮುಖದ ತುಂಬ ನಗು. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್. ಆದರೆ ಗೋಡೆ ಬೆಳಗಾವಿಯದಲ್ಲ. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಪೋರ್ಟೊಬೆಲ್ಲೊ ಎಂಬ ಕಡೆಯದು. 2018ರ ಮೇ ತಿಂಗಳಲ್ಲಿ ಏಕ್ಸ್ ಎಂಬ ಹೆಸರಿನಲ್ಲಿ ಬರೆಯುವ ಬೀದಿ ಕಲಾವಿದ ಇದನ್ನು ಬಿಡಿಸಿದರು. ಮುಖದ ಜೊತೆಗೆ ಒಂದೇ ಒಂದು ಪದ: ‘ಯೆಸ್’.

ಯಾವುದಕ್ಕೆ ಯೆಸ್? ಅದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

[ದೃಶ್ಯ: 1983 ಎಂಬ ಅಂಕಿ]

1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿತು. ಹೊಟ್ಟೆಯಲ್ಲಿರುವ ಭ್ರೂಣಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಅಂತ ಅದು ಹೇಳುತ್ತಿತ್ತು. ಗರ್ಭಪಾತಕ್ಕೆ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತು. ಬೇಕಾದವರು ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. 1980ರಿಂದ 2016ರವರೆಗೆ ಹೀಗೆ ಬೇರೆ ದೇಶಕ್ಕೆ ಹೋದ ಹೆಂಗಸರು 1.7 ಲಕ್ಷಕ್ಕೂ ಜಾಸ್ತಿ. ಇದು ಲೆಕ್ಕಕ್ಕೆ ಸಿಕ್ಕವರ ಸಂಖ್ಯೆ ಮಾತ್ರ.

ಸವಿತಾ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. ಹಲ್ಲಿನ ಡಾಕ್ಟರ್. ವಯಸ್ಸು 31. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿಯಾಗಿದ್ದಾಗ, ಬೆನ್ನು ನೋವು ಅಂತ ಆಸ್ಪತ್ರೆಗೆ ಹೋದರು. ಮಗು ಉಳಿಯುವುದಿಲ್ಲ ಅಂತ ಗೊತ್ತಾಯಿತು. ಗರ್ಭ ತೆಗೆಯಿರಿ ಅಂತ ಅವರೇ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಭಾರತದಲ್ಲಿ ತಾಯಿಯ ಜೀವ ಉಳಿಸಲು ಗರ್ಭಪಾತ ಮಾಡಲು ಅವಕಾಶ ಕೊಡುವ ಕಾಯ್ದೆ ಬಂದದ್ದು 1971ರಲ್ಲಿ. ಸವಿತಾ ಹುಟ್ಟುವುದಕ್ಕೂ ಮೊದಲು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

[ದೃಶ್ಯ: ನೀಲಿ ಗೋಡೆ, ಕೆಂಪು ಹೃದಯ]

ಆ ಸಾವಿನ ನಂತರ ಜನ ಬೀದಿಗಿಳಿದರು. ಕಲಾವಿದರೂ ಇಳಿದರು. 2016ರಲ್ಲಿ ಮೇಸರ್ ಎಂಬ ಕಲಾವಿದ ಡಬ್ಲಿನ್‌ನ ಪ್ರಾಜೆಕ್ಟ್ ಆರ್ಟ್ಸ್ ಸೆಂಟರ್ ಗೋಡೆಗೆ ಒಂದು ಕೆಂಪು ಹೃದಯ ಬರೆದರು. ಒಳಗೆ ‘ಎಂಟನ್ನು ರದ್ದು ಮಾಡಿ’ ಎಂಬ ಮಾತು, ಅಂದರೆ ಎಂಟನೇ ತಿದ್ದುಪಡಿಯನ್ನು. ಅನುಮತಿ ಇಲ್ಲ ಅಂತ ಅದನ್ನು ತೆಗೆಸಿದರು. 2018ರಲ್ಲಿ ಮತ್ತೆ ಬರೆದರು. ಈ ಸಲ ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಆಕ್ಷೇಪ ಎತ್ತಿತು. ಆಗ ಆ ಸೆಂಟರ್‌ನ ನಿರ್ದೇಶಕರೇ ಬ್ರಷ್ ಹಿಡಿದು ಅದರ ಮೇಲೆ ನೀಲಿ ಬಣ್ಣ ಬಳಿದರು. ಚಿತ್ರ ಕಾಣದಂತೆ ಮಾಡಲು ಹೋಗಿ ಇಡೀ ದೇಶ ಅದರ ಬಗ್ಗೆ ಮಾತಾಡುವಂತಾಯಿತು.

ಅದೇ ವರ್ಷ ಲಿಮೆರಿಕ್ ಊರಿನಲ್ಲಿ ಅಲೀಸ್ ಮೇಹರ್, ರೇಚಲ್ ಫ್ಯಾಲನ್ ಮತ್ತಿತರ ಕಲಾವಿದೆಯರು ಬಟ್ಟೆಯ ಬ್ಯಾನರ್ ಹಿಡಿದು ಮೆರವಣಿಗೆ ಹೊರಟರು. ಚರ್ಚಿನ ಮೆರವಣಿಗೆಗಳ ಥರವೇ. ಫ್ಯಾಲನ್ ಅಡುಗೆಮನೆಯ ಏಪ್ರನ್‌ಗಳನ್ನೇ ಕಲೆಯಾಗಿ ಮಾಡಿದ್ದರು.

[ದೃಶ್ಯ: ಚೀಟಿಗಳ ಹತ್ತಿರದ ನೋಟ]

ಆದರೂ ನನ್ನ ಮನಸ್ಸು ಮತ್ತೆ ಸವಿತಾ ಗೋಡೆಗೇ ಹೋಗುತ್ತದೆ. 2018ರ ಮೇ 25ಕ್ಕೆ, ಎಂಟನೇ ತಿದ್ದುಪಡಿಯನ್ನು ರದ್ದು ಮಾಡಬೇಕೇ ಅಂತ ದೇಶದಲ್ಲೆಲ್ಲ ಮತದಾನ. ಮತ ಹಾಕಿದವರಲ್ಲಿ 66.4 ಶೇಕಡಾ ಜನ ‘ಯೆಸ್’ ಅಂದರು, ತಿದ್ದುಪಡಿ ರದ್ದಾಯಿತು. ಬೆಳಗಾವಿಯಿಂದ ಸವಿತಾ ಅವರ ತಂದೆಯೂ ‘ಯೆಸ್’ ಅನ್ನಿ ಅಂತ ಕೇಳಿಕೊಂಡಿದ್ದರು. ಆ ಎರಡು ಮೂರು ದಿನ ಜನ ಗೋಡೆ ಹತ್ತಿರ ಬಂದರು. ಹೂವು ಇಟ್ಟರು. ಮೇಣದಬತ್ತಿ ಹಚ್ಚಿದರು. ಸಣ್ಣ ಚೀಟಿಗಳಲ್ಲಿ ಬರೆದು ಅಂಟಿಸಿದರು. ಒಂದಲ್ಲ, ಎರಡಲ್ಲ, ನೂರಾರು.

ಮಿಕ್ಸೆಡ್ ಮೀಡಿಯಾ ಅಂದರೆ ಒಂದೇ ಕಲಾಕೃತಿಯಲ್ಲಿ ಬಣ್ಣ, ಕಾಗದ, ಬಟ್ಟೆ, ವಸ್ತು ಎಲ್ಲ ಸೇರುವುದು ಅಂತ ಪುಸ್ತಕದಲ್ಲಿ ಓದುತ್ತೇವೆ. ಇಲ್ಲಿ ಹಾಗೆ ಯಾರೂ ಯೋಚಿಸಿರಲಿಲ್ಲ. ಕಲಾವಿದ ಸ್ಪ್ರೇ ಬಣ್ಣ ಕೊಟ್ಟರು, ಊರು ಕಾಗದ ಕೊಟ್ಟಿತು. ಚಿತ್ರ ಪೂರ್ತಿಯಾದದ್ದು ಆಗಲೇ ಅಂತ ನನಗನಿಸುತ್ತದೆ.

ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಗೆಲುವಿನ ಖುಷಿ ಅಲ್ಲ. ‘ಸಾರಿ’ ಎಂಬ ಪದ. ಅವರನ್ನು ಒಮ್ಮೆಯೂ ಭೇಟಿಯಾಗದವರು ಬರೆದದ್ದು.

ಬಿಸಿಲು, ಮಳೆಗೆ ಹಾಳಾಗಬಾರದು ಅಂತ ಆ ಚೀಟಿಗಳನ್ನು ಬಿಡಿಸಿ ತೆಗೆದು ಎತ್ತಿಟ್ಟಿದ್ದಾರೆ. ಈಗ ಅವು ಡಬ್ಲಿನ್ ನಗರ ಗ್ರಂಥಾಲಯದ ದಾಖಲೆಗಳಲ್ಲಿವೆ.

[ದೃಶ್ಯ: ಒಂದು ಚೀಟಿ, ಅದರಲ್ಲಿ ಸವಿತಾ ಎಂಬ ಹೆಸರು. ಪರದೆ ಕಪ್ಪಾಗುತ್ತದೆ]