ಒಂದು ಪ್ರತ್ಯಯದ ಪ್ರೇಮಕಥೆ

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಯುವತಿಯೊಬ್ಬರು ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ ತಂದು ನನ್ನ ಕೈಗೆ ಕೊಟ್ಟು ಹೋದರು. ಈ ಮುಂಬಯಿ ನಗರದಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿದವನಾದ್ದರಿಂದ, ವ್ಯಾಕರಣದ ತಪ್ಪುಗಳನ್ನು ತಿದ್ದಿಕೊಡಬೇಕೆಂಬುದಷ್ಟೇ ಅವರ ಕೋರಿಕೆಯಾಗಿತ್ತು. ತಪ್ಪುಗಳು ಹೆಚ್ಚಿರಲಿಲ್ಲ, ಆದರೆ ವ್ಯಾಕರಣ ಮಾತ್ರ ನನ್ನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ.

ಕಥೆ ಇಬ್ಬರು ಹುಡುಗಿಯರದು. ಒಬ್ಬಳು ಕನ್ನಡದವಳು, ಕುಂದಾಪುರದ ಕಡೆಯಿಂದ ಬಾಲಕನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಈಗ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಪ್ಪಯ್ಯನ ಮಗಳು. ಇನ್ನೊಬ್ಬಳು ಅದೇ ಕಾಲೇಜಿನ ಮರಾಠಿ ಹುಡುಗಿ. ಇಬ್ಬರಿಗೂ ಹದಿನೇಳು ವರ್ಷ, ಇಬ್ಬರೂ ಕವಿತೆ ಬರೆಯುವವರು, ಇಬ್ಬರೂ ಬೆಳಗಿನ ಸ್ಲೋ ಲೋಕಲಿನ ಲೇಡೀಸ್ ಡಬ್ಬಾದಲ್ಲಿ ಡೊಂಬಿವಲಿಯಿಂದ ಮಾಟುಂಗಾಕ್ಕೆ ಹೋಗುವವರು. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲವೆಂಬುದು ಈ ಪ್ರೇಮಕ್ಕೆ ರೈಲ್ವೆ ಇಲಾಖೆ ಮಾಡಿದ ದೊಡ್ಡ ಉಪಕಾರ ಎಂದು ಲೇಖಕಿ ಒಂದು ಕಡೆ ಬರೆದಿದ್ದಾರೆ. ಆ ಸಾಲನ್ನು ಓದಿ ನಾನು ಒಬ್ಬನೇ ನಕ್ಕೆ.

ಕನ್ನಡದ ಹುಡುಗಿ ತನ್ನ ಗೆಳತಿಯನ್ನು ಕುರಿತು ಬರೆದ ಕವಿತೆಗಳೆಲ್ಲವೂ ‘ನಾನು’, ‘ನೀನು’ ಎಂಬ ಎರಡೇ ಸರ್ವನಾಮಗಳಲ್ಲಿವೆ. ‘ನೀನು ಬಂದೆ’ ಎಂದು ಕನ್ನಡದಲ್ಲಿ ಬರೆದರೆ ಬಂದದ್ದು ಹುಡುಗನೋ ಹುಡುಗಿಯೋ ಎಂಬುದನ್ನು ಕ್ರಿಯಾಪದ ಬಾಯಿ ಬಿಟ್ಟು ಹೇಳುವುದಿಲ್ಲ. ಮರಾಠಿಯ ಹುಡುಗಿಗೆ ಈ ಅನುಕೂಲವಿಲ್ಲ. ಅವಳು ‘ತೂ ಆಲಾಸ್’ ಎಂದರೆ ಬಂದವನು ಗಂಡು, ‘ತೂ ಆಲೀಸ್’ ಎಂದರೆ ಬಂದವಳು ಹೆಣ್ಣು. ಎರಡರಲ್ಲೊಂದನ್ನು ಆರಿಸದೆ ಅವಳಿಗೆ ಬಂದ, ಹೋದ ಮಾತಿನ ಒಂದು ಸಾಲನ್ನೂ ಭೂತಕಾಲದಲ್ಲಿ ನೆಟ್ಟಗೆ ಬರೆಯಲಾಗದು. ಆದ್ದರಿಂದ ಮರಾಠಿ ಹುಡುಗಿಯ ನೋಟುಪುಸ್ತಕ ಹಾಸಿಗೆಯ ಕೆಳಗೆ ಅಡಗಿರುತ್ತದೆ, ಕನ್ನಡ ಹುಡುಗಿಯದು ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಬಿದ್ದಿರುತ್ತದೆ. ಮೂವತ್ತು ಮಕ್ಕಳ ಮುಂದೆ ಎಷ್ಟೋ ಸಲ ಲಿಂಗ, ವಚನ, ಪುರುಷಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ನನಗೆ, ಉತ್ತಮ ಮತ್ತು ಮಧ್ಯಮ ಪುರುಷಗಳಲ್ಲಿ ನಮ್ಮ ಭಾಷೆ ಇಷ್ಟು ದೊಡ್ಡ ಮರೆಯನ್ನು ಕಟ್ಟಿಕೊಟ್ಟಿದೆಯೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಪ್ರೇಮನಿವೇದನೆಯೂ ಈ ವ್ಯಾಕರಣದಿಂದಲೇ ಹುಟ್ಟುತ್ತದೆ. ಮುಂಬ್ರಾ ಸ್ಟೇಷನ್ ದಾಟಿ ಗಾಡಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಪಕ್ಕದಲ್ಲಿ ನಿಧಾನವಾಗುತ್ತಿರುವಾಗ, ನಿನ್ನ ಕವಿತೆಯನ್ನು ಮರಾಠಿಯಲ್ಲಿ ಹೇಳು ಎಂದು ಗೆಳತಿ ಕೇಳುತ್ತಾಳೆ. ನಮ್ಮ ಹುಡುಗಿ ಮೊದಲ ಸಾಲಿನ ‘ನೀನು ಬಂದೆ’ ಎಂಬಲ್ಲಿಗೆ ಬಂದು ‘ತೂ...’ ಎಂದು ನಿಂತುಬಿಡುತ್ತಾಳೆ. ಎದುರಿನ ಸೀಟಿನ ಹೆಂಗಸು ಹಸಿ ಬಟಾಣಿ ಸುಲಿಯುತ್ತಿದ್ದಾಳೆ. ಒಂದು ಕಾಳು ಜಾರಿ ಉರುಳಿ ಬಾಗಿಲವರೆಗೆ ಹೋಗುತ್ತದೆ. ಕಳವಾ ಬರುತ್ತದೆ, ಹೋಗುತ್ತದೆ. ಠಾಣೆ ಸ್ಟೇಷನ್ನಿನ ಗದ್ದಲ ಒಳಗೆ ನುಗ್ಗುವ ಮೊದಲು ಅವಳು ‘ಆಲೀಸ್’ ಎನ್ನುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಅನುವಾದವೇ ನಿವೇದನೆಯಾದ ಇಂಥ ಇನ್ನೊಂದು ಸನ್ನಿವೇಶ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಆದರೆ ಕುಟುಂಬವೆಂಬುದು ‘ನೀನು’ ಎಂಬಲ್ಲಿ ಬದುಕುವುದಿಲ್ಲ. ಅದು ಬದುಕುವುದು ‘ಅವನು’, ‘ಅವಳು’, ‘ಅವರು’ ಎನ್ನುವ ಪ್ರಥಮ ಪುರುಷದಲ್ಲಿ: ಯಾರವನು, ಯಾರ ಮಗಳವಳು, ಎಲ್ಲಿಯವರು, ಯಾವಾಗ ಬಂದರು. ಒಂದು ದಿನ ತಾಯಿ ಹಿಟ್ಟಿನ ಕೈಯಲ್ಲೇ ಆ ನೋಟುಪುಸ್ತಕವನ್ನು ತೆರೆದು, ಓದಿ, ಮಗಳನ್ನು ಕರೆದು ಸಮಾಧಾನದಿಂದಲೇ ‘ಯಾರವನು?’ ಎಂದು ಕೇಳುತ್ತಾಳೆ. ಸುಳ್ಳು ಹೇಳುವುದು ಬಹಳ ಸುಲಭವಿತ್ತು; ಒಂದು ಹೆಸರು ಹೇಳಿದರೆ ಸಾಕಿತ್ತು. ಮಗಳು ‘ಯಾರವಳು ಅಂತ ಕೇಳಮ್ಮ’ ಎನ್ನುತ್ತಾಳೆ. ಇಡೀ ಕಾದಂಬರಿ ಆ ಒಂದು ಪ್ರತ್ಯಯದ ಮೇಲೆ ನಿಂತಿದೆ. ಇಲ್ಲಿ ಲೇಖಕಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿದ್ದಾರೆ. ಆ ಮರಾಠಿ ಹುಡುಗಿ ಎಷ್ಟೋ ರಾತ್ರಿ ಆ ಮನೆಯಲ್ಲೇ ಉಳಿದಿದ್ದಾಳೆ, ತಾಯಿಯೇ ಇಬ್ಬರಿಗೂ ಒಟ್ಟಿಗೆ ಹಾಸಿಗೆ ಹಾಸಿದ್ದಾಳೆ. ಹುಡುಗನಾಗಿದ್ದರೆ ಹೊಸ್ತಿಲಲ್ಲೇ ಹುಟ್ಟುತ್ತಿದ್ದ ಅನುಮಾನ ‘ಗೆಳತಿ’ ಎಂಬ ಮುಗ್ಧ ಪದದಿಂದಾಗಿ ಒಳಗೇ ಬಂದಿಲ್ಲ; ಮುಗ್ಧವಾಗಿ ತುಂಬಿಹೋದ ಪದಕ್ಕೆ ಇನ್ನೊಂದು ಅರ್ಥ ತುಂಬುವುದು ಕಷ್ಟ.

ಇನ್ನು ಕವಿತೆ ಈ ಮನೆಗೆ ಹೇಗೆ ಬಂತು? ಅದನ್ನು ತಂದವರು ಅಪ್ಪಯ್ಯ. ರಾತ್ರಿಶಾಲೆಯ ದಿನಗಳಲ್ಲಿ ಕೊಂಡ ‘ಮೈಸೂರು ಮಲ್ಲಿಗೆ’ಯ ಪ್ರತಿಯೊಂದು ಅವರ ಕಪಾಟಿನಲ್ಲಿದೆ. 1942ರಲ್ಲಿ ಮೊದಲು ಅಚ್ಚಾದ ಕೆ. ಎಸ್. ನರಸಿಂಹಸ್ವಾಮಿಯವರ ಆ ಸಂಕಲನ ನಮಗೆ ಪ್ರೇಮವನ್ನು ಮನೆಯೊಳಗಿಟ್ಟು ಕಲಿಸಿದ ಪುಸ್ತಕ: ಅಲ್ಲಿ ರಾಯರು ಬರುವುದು ಮಾವನ ಮನೆಗೆ, ಬಳೆಗಾರ ಹೊತ್ತು ತರುವುದು ನವಿಲೂರ ಮನೆಯ ಸುದ್ದಿಯನ್ನು. ಆ ಹಾಡುಗಳನ್ನು ಅಪ್ಪಯ್ಯನ ಬಾಯಲ್ಲಿ ಕೇಳಿ ಬೆಳೆದ ಹುಡುಗಿಗೆ ಓಡಿಹೋಗುವ ಪ್ರೇಮದ ಕನಸೇ ಬೀಳುವುದಿಲ್ಲ. ಮಾಟುಂಗಾದ ಹೂವಿನಂಗಡಿಯಿಂದ ಒಂದು ಮೊಳ ಮಲ್ಲಿಗೆ ಕೊಂಡು ಗೆಳತಿಯನ್ನು ಮನೆಗೇ ಕರೆತರಬೇಕು, ಅಪ್ಪಯ್ಯ ಅವಳಿಗೆ ಕಾಫಿ ಕೊಡಬೇಕು ಎಂಬುದೇ ಅವಳ ಆಸೆ. ಈ ಬಗೆಯ ಪುಸ್ತಕಗಳನ್ನು ಸಮರ್ಥಿಸುವಾಗ ನಾವು ತಟ್ಟನೆ ವಚನಗಳ ಕಡೆ ತಿರುಗುತ್ತೇವೆ, ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದ ದಾಸಿಮಯ್ಯನನ್ನು ಸಾಕ್ಷಿಗೆ ಕರೆಯುತ್ತೇವೆ. ಅದು ಆತ್ಮದ ಮಾತು. ಹದಿನೇಳರ ಹುಡುಗಿಗೆ ಬೇಕಾಗಿರುವುದು ಆತ್ಮದ ಅನುಮತಿಯಲ್ಲ, ಗಲ್ಲಾದಲ್ಲಿ ಕುಳಿತಿರುವವರದು. ಹಸ್ತಪ್ರತಿಯಲ್ಲಿ ದಾಸಿಮಯ್ಯ ಬಾರದಿರುವುದು ನನಗೆ ಸಮಾಧಾನ ತಂದಿತು.

ಕನ್ನಡದಲ್ಲಿ ಈ ದಾರಿ ತೀರ ಹೊಸದೇನಲ್ಲ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ; ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಿತ್ತು. ಆದರೆ ಆ ಪುಸ್ತಕದ್ದು ವಯಸ್ಕ ಸಲಿಂಗಿ ಗಂಡಸೊಬ್ಬನ ಲೋಕ. ಈ ಹಸ್ತಪ್ರತಿಯ ಕಥೆ ಆರಂಭವಾಗುವುದು 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸಂವಿಧಾನ ಪೀಠ ಹೇಳಿದ ದಿನ. ಹೋಟೆಲಿನ ಟಿವಿಯಲ್ಲಿ ಆ ಸುದ್ದಿ ಬಂದಾಗ ಅಪ್ಪಯ್ಯ ಏನೂ ಹೇಳದೆ ಚಾನೆಲ್ ಬದಲಿಸುತ್ತಾರೆ. ಚಿಲ್ಲರೆ ಎಣಿಸುವ ಕೈ ಮಾತ್ರ ತಪ್ಪಿ, ಗಿರಾಕಿಗೆ ಹತ್ತು ರೂಪಾಯಿ ಹೆಚ್ಚು ಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಸಲಿಂಗ ವಿವಾಹದ ಹಕ್ಕನ್ನು ಅದೇ ನ್ಯಾಯಾಲಯ ಒಪ್ಪದೆ ಹೋದದ್ದು ಕೊನೆಯ ಭಾಗದಲ್ಲಿ ಒಂದೇ ವಾಕ್ಯದಲ್ಲಿ ಬರುತ್ತದೆ. ಅಷ್ಟೇ ಸಾಕು ಕೂಡ.

ನನ್ನ ತಕರಾರಿರುವುದು ತಾಯಿಯ ವಿಷಯದಲ್ಲಿ. ಅಪ್ಪಯ್ಯ ಮಗಳ ಕವಿತೆಯನ್ನು ರಾತ್ರಿ ಹನ್ನೊಂದಕ್ಕೆ, ಎಣ್ಣೆ ವಾಸನೆಯ ಅಂಗಿಯಲ್ಲೇ ಕುಳಿತು ಓದಿ, ಬೇರೇನೂ ಹೇಳದೆ, ‘ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ ಮಗಾ’ ಎನ್ನುವ ಪುಟ ಬಹಳ ಚೆನ್ನಾಗಿದೆ. ಆದರೆ ಅಪ್ಪನ ಮೌನವನ್ನು ಲೇಖಕಿ ಪ್ರೀತಿಯೆಂದು ಓದುತ್ತಾರೆ, ತಾಯಿಯ ಮಾತುಗಳನ್ನೆಲ್ಲ ಕ್ರೌರ್ಯವೆಂದು ಓದುತ್ತಾರೆ. ಊರಿನ ನೆಂಟರಿಗೆ, ಪಕ್ಕದ ಮನೆಯವರಿಗೆ, ಜಾತಕ ಕೇಳುವವರಿಗೆ ಉತ್ತರ ಕೊಡಬೇಕಾದವಳು ತಾಯಿ. ಚಾನೆಲ್ ಬದಲಿಸುವ ಸೌಲಭ್ಯ ಅವಳಿಗಿಲ್ಲ. ಇದನ್ನು ಹೇಳಿದಾಗ ಲೇಖಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಸ್ತಪ್ರತಿಯನ್ನು ವಾಪಸು ಕೊಂಡುಹೋದರು.

ಎರಡು ತಿಂಗಳ ನಂತರ ಹೊಸ ಕೊನೆಯ ಪುಟವೊಂದು ಬಂತು. ಊರಿನಿಂದ ಚಿಕ್ಕಮ್ಮನ ಫೋನು. ಮಗಳು ಏನು ಮಾಡುತ್ತಿದ್ದಾಳೆ, ಮನೆಯಲ್ಲಿ ಮತ್ತೆ ಯಾರಿದ್ದಾರೆ ಎಂಬ ಪ್ರಶ್ನೆ. ತಾಯಿ ಒಲೆಯ ಮುಂದೆ ನಿಂತು, ಕಾವಲಿಯ ಮೇಲಿನ ನೀರ್ ದೋಸೆಯನ್ನು ಮಡಚುತ್ತಾ, ‘ಅವರಿಬ್ಬರೂ ತಿಂಡಿ ತಿನ್ನುತ್ತಿದ್ದಾರೆ’ ಎನ್ನುತ್ತಾಳೆ. ಬಹುವಚನದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ವಿವರಿಸುವ ಒಂದು ಪ್ಯಾರಾ ಅದರ ಕೆಳಗಿತ್ತು. ಅದನ್ನು ಹೊಡೆದುಹಾಕಿ ಎಂದು ಅಂಚಿನಲ್ಲಿ ಬರೆದು ಕಳುಹಿಸಿದ್ದೇನೆ. ಲೇಖಕಿ ಇನ್ನೂ ಒಪ್ಪಿಲ್ಲ.

ನಮಸ್ಕಾರ.