ಐದು ರೊಟ್ಟಿ ತಿಂದರೆ ಒಂದು ರೊಟ್ಟಿ ತಲೆಗೆ: ಜೀವಿಗಳಿಗೆ ಬುದ್ಧಿ ಬಂದ ಕಥೆ

[ದೃಶ್ಯ: ಅಂಜನಾದ್ರಿ ಮೆಟ್ಟಿಲು, ಬೆಳಿಗ್ಗೆ ಏಳು ಗಂಟೆ. ಫೋನಿನಲ್ಲಿ ತೆಗೆದ ವಿಡಿಯೋ, ಸ್ವಲ್ಪ ಅಲುಗಾಡುತ್ತದೆ.]

ನಮಸ್ಕಾರ. ಈ ವಿಡಿಯೋವನ್ನು ಬ್ಯಾಕ್ಟೀರಿಯಾದಿಂದ ಶುರು ಮಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಆದರೆ ಶುರುವಾದದ್ದು ಒಂದು ಕೋತಿಯಿಂದ.

ಮೊನ್ನೆ ಗಂಗಾವತಿಯಿಂದ ಆನೆಗೊಂದಿ ದಾರಿ ಹಿಡಿದು ಅಂಜನಾದ್ರಿಗೆ ಹೋಗಿದ್ದೆ. 575 ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಉಸಿರು ಬಿಗಿಯಿತು, ಒಂದು ಬಂಡೆಗೆ ಒರಗಿ ಕೂತೆ. ಪಕ್ಕದಲ್ಲಿ ಬ್ಯಾಗು. ಒಳಗೆ ಎರಡು ಬಾಳೆಹಣ್ಣು, ಒಂದು ಪ್ಯಾಕೆಟ್ ಶೇಂಗಾ ಚಿಕ್ಕಿ. ಐದಾರು ಅಡಿ ದೂರದಲ್ಲಿ ಒಂದು ಹೆಣ್ಣು ಕೋತಿ, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಅದು ಬ್ಯಾಗಿನ ಕಡೆ ತಿರುಗಿಯೂ ನೋಡಲಿಲ್ಲ. ತೊಡೆ ಕೆರೆದುಕೊಂಡಿತು. ಮರಿಯ ತಲೆಯಲ್ಲಿ ಹೇನು ಹುಡುಕಿತು. ಸುಮ್ನೆ ಆಕಾಶ ನೋಡಿತು. ಅಷ್ಟರಲ್ಲಿ ನನಗೊಂದು ಫೋನ್ ಬಂತು, ಸ್ಕ್ರೀನ್ ಕಡೆ ಕಣ್ಣು ಹಾಕಿದೆ. ಸರ್ರ್ ಅಂತ ಜಿಪ್ ಎಳೆದ ಸದ್ದು. ತಲೆ ಎತ್ತಿದರೆ ಚಿಕ್ಕಿ ಸಮೇತ ಕೋತಿ ಬಂಡೆ ಮೇಲಿತ್ತು. ಬಾಳೆಹಣ್ಣು ಬಿಟ್ಟು ಚಿಕ್ಕಿಯನ್ನೇ ಆರಿಸಿಕೊಂಡಿತ್ತು, ಅದು ಬೇರೆ ಮಾತು.

ಮನೆಗೆ ಬಂದ ಮೇಲೆ ಹೊಳೆಯಿತು. ಅದು ಅಷ್ಟು ಹೊತ್ತು ಕಾದದ್ದು ನನ್ನ ಕಣ್ಣನ್ನು. "ಈ ಮನುಷ್ಯ ಈಗ ನೋಡುತ್ತಿಲ್ಲ" ಅನ್ನುವ ಲೆಕ್ಕ ಆ ಪುಟ್ಟ ತಲೆಯಲ್ಲಿ ಎಲ್ಲಿಂದ ಬಂತು? ಇವತ್ತಿನ ವಿಡಿಯೋ ಇದರ ಮೇಲೆ. ಈಗ ಬ್ಯಾಕ್ಟೀರಿಯಾಕ್ಕೆ ಹೋಗೋಣ.

[ದೃಶ್ಯ: ನೀರಿನ ಹನಿಯಲ್ಲಿ ಈಜುವ ಬ್ಯಾಕ್ಟೀರಿಯಾ, ಅನಿಮೇಷನ್.]

ನಮ್ಮ ಕರುಳಿನಲ್ಲಿ ಇ. ಕೋಲಿ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 500 ಸಾಲಾಗಿ ನಿಲ್ಲಬಹುದು, ಅಷ್ಟು ಚಿಕ್ಕದು. ಇದಕ್ಕೆ ಮಿದುಳಿಲ್ಲ, ನರ ಇಲ್ಲ. ಇರುವುದೇ ಒಂದು ಜೀವಕೋಶ. ಆದರೂ ಸಕ್ಕರೆ ಇರುವ ಕಡೆಗೆ ಹೋಗುತ್ತದೆ. ಹೇಗೆ ಅಂದರೆ, ಸ್ವಲ್ಪ ದೂರ ನೆಟ್ಟಗೆ ಈಜುತ್ತದೆ. ಆಮೇಲೆ ಗಿರ್ರನೆ ಒಂದು ಪಲ್ಟಿ ಹೊಡೆದು ಬೇರೆ ದಿಕ್ಕು ಹಿಡಿಯುತ್ತದೆ. ಕೆಲವು ಸೆಕೆಂಡ್ ಹಿಂದೆ ಎಷ್ಟು ಸಕ್ಕರೆ ಇತ್ತು, ಈಗ ಎಷ್ಟಿದೆ ಅಂತ ಹೋಲಿಸುತ್ತದೆ. ಜಾಸ್ತಿ ಆಗಿದ್ದರೆ ಅದೇ ದಾರಿ, ಕಡಿಮೆ ಆಗಿದ್ದರೆ ಇನ್ನೊಂದು ಪಲ್ಟಿ. ಕತ್ತಲಲ್ಲಿ ಬಾಡೂಟದ ವಾಸನೆ ಹಿಡಿದು ಮದುವೆ ಮನೆ ಹುಡುಕಿದ ಹಾಗೆ. ಇದನ್ನು ಬುದ್ಧಿ ಅನ್ನಬೇಕಾ ಬೇಡವಾ ಅಂತ ಜಗಳ ಇದೆ. ನನ್ನನ್ನು ಕೇಳಿದರೆ, ಬುದ್ಧಿಯ ಬೀಜ ಇಲ್ಲೇ ಇದೆ. ಆಗಿನದನ್ನು ನೆನಪಿಟ್ಟು ಈಗಿನದಕ್ಕೆ ಹೋಲಿಸುವುದು.

ಇನ್ನೊಂದಿದೆ, ಹಳದಿ ಅಂಟಿನ ಹಾಗೆ ಕೊಳೆತ ಕಟ್ಟಿಗೆ ಮೇಲೆ ಹರಡುವ ಸ್ಲೈಮ್ ಮೋಲ್ಡ್. ಅದಕ್ಕೂ ಮಿದುಳಿಲ್ಲ. 2000ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಒಂದು ಗೋಜಲು ದಾರಿಯ ಪೆಟ್ಟಿಗೆಯಲ್ಲಿ ಬಿಟ್ಟು ಎರಡು ತುದಿಗೆ ಓಟ್ಸ್ ಇಟ್ಟರು. ಅದು ಎಲ್ಲಾ ಕಡೆ ಹರಡಿ, ಆಮೇಲೆ ಬೇಡದ ಕಡೆಯಿಂದ ಹಿಂದೆ ಸರಿದು, ಹತ್ತಿರದ ದಾರಿ ಮಾತ್ರ ಉಳಿಸಿಕೊಂಡಿತು. 2010ರಲ್ಲಿ ಟೋಕಿಯೋ ಸುತ್ತಲಿನ ಊರುಗಳು ಇರುವ ಹಾಗೆ ಓಟ್ಸ್ ಇಟ್ಟಾಗ, ಒಂದು ದಿನ ಚಿಲ್ಲರೆಯಲ್ಲಿ ಅಲ್ಲಿನ ರೈಲು ಜಾಲದಂಥದ್ದನ್ನೇ ಹೆಣೆದು ತೋರಿಸಿತು. ಕುಷ್ಟಗಿಗೆ ರೈಲು ಬರಲು ನಾವು ಕಾದ ವರ್ಷಗಳು ನೆನಪಾದವು, ಇರಲಿ ಬಿಡಿ.

ಹಾಗಾದರೆ ನರ, ಮಿದುಳು ಯಾಕೆ ಬೇಕಾಯಿತು?

ಓಡಾಡುವುದಕ್ಕೆ. ಮೈ ದೊಡ್ಡದಾದ ಮೇಲೆ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಬೇಗ ತಲುಪಬೇಕು. ಬೇವಿನ ಮರಕ್ಕೆ ಆ ಆತುರವಿಲ್ಲ, ನಿಂತಲ್ಲೇ ಅದಕ್ಕೆ ಊಟ. ಜೆಲ್ಲಿ ಮೀನಿಗೆ ಮಿದುಳಿಲ್ಲ, ಮೈತುಂಬ ಮೀನುಬಲೆಯ ಹಾಗೆ ನರಗಳು. ಅಷ್ಟೇ ಇದ್ದರೂ ಕಲಿಯುತ್ತದೆ. 24 ಕಣ್ಣಿರುವ ಒಂದು ಪುಟ್ಟ ಬಾಕ್ಸ್ ಜೆಲ್ಲಿ ಮೀನು, ಢಿಕ್ಕಿ ಹೊಡೆದ ಅನುಭವದಿಂದ ಅಡ್ಡಿಗಳನ್ನು ತಪ್ಪಿಸಲು ಕಲಿಯುತ್ತದೆ ಅಂತ 2023ರಲ್ಲಿ ಗೊತ್ತಾಯಿತು.

ಆಮೇಲೆ ಒಂದೇ ದಿಕ್ಕಿಗೆ ಮುಂದೆ ಮುಂದೆ ಹೋಗುವ ಹುಳುಗಳು ಬಂದವು. ನಮ್ಮ ಬಳ್ಳಾರಿ ಕಡೆ ಅದಿರು ಲಾರಿ ನೋಡಿದ್ದೀರಲ್ಲ. ಡ್ರೈವರ್ ಮುಂದೆಯೇ ಕೂರಬೇಕು, ಹಿಂದಿನ ಡಾಲಾ ಹತ್ತಿರ ಕೂತರೆ ಏನು ಗತಿ? ಹಾಗೆಯೇ ಯಾವ ತುದಿ ಮೊದಲು ಲೋಕಕ್ಕೆ ತಾಗುತ್ತದೋ ಅಲ್ಲೇ ಕಣ್ಣು, ಅಲ್ಲೇ ಬಾಯಿ, ಅಲ್ಲೇ ನರಗಳ ಗಂಟು. ಆ ಗಂಟೇ ತಲೆ. ಸುಮಾರು 54 ಕೋಟಿ ವರ್ಷದ ಹಿಂದೆ, ಕೇಂಬ್ರಿಯನ್ ಅನ್ನುವ ಕಾಲ ಶುರುವಾದಾಗ, ಒಂದನ್ನೊಂದು ಬೇಟೆಯಾಡುವುದು ಜೋರಾಯಿತು. ತಿನ್ನುವವನಿಗೂ ತಲೆ ಬೇಕು, ತಪ್ಪಿಸಿಕೊಳ್ಳುವವನಿಗೂ ಬೇಕು.

[ದೃಶ್ಯ: ಊಟದ ತಟ್ಟೆ. ಐದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.]

ಈ ತಟ್ಟೆಯನ್ನು ಸ್ವಲ್ಪ ನೋಡಿ. ನಮ್ಮ ಮಿದುಳು ಮೈತೂಕದಲ್ಲಿ ಬರೀ 2 ಶೇಕಡಾ. ಆದರೆ ಸುಮ್ಮನೆ ಕೂತಿರುವಾಗಲೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಶೇಕಡಾ ಅದಕ್ಕೇ ಹೋಗುತ್ತದೆ. ಅಂದರೆ ಐದು ರೊಟ್ಟಿ ತಿಂದರೆ ಒಂದು ರೊಟ್ಟಿ ತಲೆಗೆ. ನೀವು ಏನೂ ಯೋಚನೆ ಮಾಡದೆ ಕಟ್ಟೆ ಮೇಲೆ ಕೂತಿದ್ದರೂ ಸರಿ.

ಇಷ್ಟು ದುಬಾರಿ ಸಾಮಾನನ್ನು ಯಾವ ಜೀವಿಯೂ ಸುಮ್ನೆ ಸಾಕುವುದಿಲ್ಲ. ಸೀ ಸ್ಕ್ವರ್ಟ್ ಅನ್ನುವ ಕಡಲ ಪ್ರಾಣಿ ಮರಿಯಾಗಿದ್ದಾಗ ಈಜುತ್ತದೆ, ಆಗ ಅದಕ್ಕೊಂದು ಚಿಕ್ಕ ಮಿದುಳು. ಒಳ್ಳೆ ಬಂಡೆ ಸಿಕ್ಕಿ ಅಂಟಿಕೊಂಡ ಮೇಲೆ ಓಡಾಟ ಮುಗಿಯಿತು. ಆಗ ಆ ಮಿದುಳಿನ ಹೆಚ್ಚಿನ ಭಾಗವನ್ನು ತಾನೇ ಕರಗಿಸಿಕೊಂಡುಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಗೆ. ರಾಯಚೂರು ಕಡೆ ಕೃಷ್ಣಾ ನದಿ ದಂಡೆಯಲ್ಲಿ ಬಾಯಿ ತೆರೆದು ಮಲಗಿರುವ ಮೊಸಳೆ ನೋಡಿ. ಚಿಕ್ಕ ಮಿದುಳು, ಕಡಿಮೆ ಊಟ, ಸಂಸಾರ ಚೆನ್ನಾಗಿ ನಡೆದಿದೆ. ಅದಕ್ಕೆ ಬುದ್ಧಿ ಸಾಲಲಿಲ್ಲ ಅಂತ ನಾವು ಮರುಗಬೇಕಾಗಿಲ್ಲ.

ಅದಕ್ಕೇ ಬುದ್ಧಿಯನ್ನು ಮೆಟ್ಟಿಲು ಅಂದುಕೊಂಡರೆ ಎಡವುತ್ತೇವೆ. ಕೆಳಗೆ ಹುಳ, ಮಧ್ಯೆ ಕೋತಿ, ತುದಿಯಲ್ಲಿ ನಾವು, ಅಂಜನಾದ್ರಿ ಮೆಟ್ಟಿಲಿನ ಹಾಗೆ. ನಡೆದದ್ದು ಹಾಗಲ್ಲ. ಬದುಕು ಕೇಳಿದ ಕಡೆಯಲ್ಲೆಲ್ಲ ಬುದ್ಧಿ ಬೇರೆ ಬೇರೆಯಾಗಿ, ಮತ್ತೆ ಮತ್ತೆ ಹುಟ್ಟಿದೆ.

ಆಕ್ಟೋಪಸ್ ತಗೊಳ್ಳಿ. ಕೊಪ್ಪಳಕ್ಕೆ ಕಡಲಿಲ್ಲ, ಆದರೂ ಇದನ್ನು ಬಿಡುವ ಹಾಗಿಲ್ಲ. ನಮ್ಮ ಮತ್ತು ಅದರ ಮೂಲ ಹಿರಿಯರು ಒಂದೇ ಆಗಿದ್ದದ್ದು 55 ಕೋಟಿ ವರ್ಷಕ್ಕೂ ಹಿಂದೆ, ಒಂದು ಹುಳುವಿನಂಥ ಜೀವಿ. ಆಮೇಲೆ ದಾರಿ ಬೇರೆಯಾಯಿತು. ಅದಕ್ಕೆ ಸುಮಾರು 50 ಕೋಟಿ ನರಕೋಶ. ಮೂರರಲ್ಲಿ ಎರಡು ಪಾಲು ತೋಳುಗಳಲ್ಲೇ ಇವೆ. ಚಿಪ್ಪಿಲ್ಲದ ಮೆತ್ತನೆ ಮೈ, ಕಡಲತುಂಬ ಶತ್ರುಗಳು, ಉಪಾಯ ಮಾಡದೆ ಬದುಕಿಲ್ಲ. ಇಂಡೋನೇಷ್ಯಾದಲ್ಲಿ ಒಂದು ಜಾತಿ, ಜನ ಎಸೆದ ತೆಂಗಿನ ಚಿಪ್ಪನ್ನು ಹೊಟ್ಟೆ ಕೆಳಗೆ ಹಿಡಿದುಕೊಂಡು ನಡೆಯುತ್ತದೆ, ಬೇಕಾದಾಗ ಒಳಗೆ ಕೂತು ಮುಚ್ಚಿಕೊಳ್ಳುತ್ತದೆ. 2009ರಲ್ಲಿ ಈ ಸುದ್ದಿ ಬಂದಾಗ ಎಲ್ಲರೂ ಬೆರಗಾದರು.

ಕಾಗೆ ಇನ್ನೂ ಹತ್ತಿರದ್ದು. 2002ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬೆಟ್ಟಿ ಅನ್ನುವ ನ್ಯೂ ಕ್ಯಾಲಿಡೋನಿಯಾ ಕಾಗೆಯ ಮುಂದೆ ಒಂದು ಕೊಳವೆ ಇಟ್ಟಿದ್ದರು. ತಳದಲ್ಲಿ ಪುಟ್ಟ ಬಕೆಟ್, ಅದರಲ್ಲಿ ಮಾಂಸದ ಚೂರು. ಕೊಕ್ಕೆ ತಂತಿಯನ್ನು ಜೊತೆಗಿದ್ದ ಗಂಡು ಕಾಗೆ ಎತ್ತಿಕೊಂಡು ಹೋಯಿತು. ಉಳಿದದ್ದು ನೆಟ್ಟಗಿನ ತಂತಿ. ಬೆಟ್ಟಿ ಅದರ ತುದಿಯನ್ನು ಸಿಕ್ಕಿಸಿ, ಬಗ್ಗಿಸಿ, ತಾನೇ ಕೊಕ್ಕೆ ಮಾಡಿ ಬಕೆಟ್ ಎತ್ತಿತು. ಹಕ್ಕಿಗಳ ದಾರಿ ನಮ್ಮಿಂದ ಬೇರೆಯಾಗಿ ಸುಮಾರು 32 ಕೋಟಿ ವರ್ಷವಾಯಿತು. ಅವಕ್ಕೆ ನಮ್ಮ ಹಾಗೆ ಮಡಿಕೆ ಮಡಿಕೆಯಾದ ಮಿದುಳಿಲ್ಲ. ಆದರೆ ಚಿಕ್ಕ ಜಾಗದಲ್ಲಿ ನರಕೋಶಗಳು ಒತ್ತೊತ್ತಾಗಿ ತುಂಬಿವೆ, ಜಾತ್ರೆ ಬಸ್ಸಿನ ಹಾಗೆ.

[ದೃಶ್ಯ: ಬಂಡೆಯ ಕೆಳಗೆ ತೂಗುವ ಹೆಜ್ಜೇನು ಗೂಡು, ದೂರದಿಂದ. ದಯವಿಟ್ಟು ಹತ್ತಿರ ಹೋಗಬೇಡಿ.]

ನಮ್ಮ ಗುಡ್ಡಗಳ ಬಂಡೆ ಸಂದಿಯಲ್ಲಿ ಹೆಜ್ಜೇನು ಕಟ್ಟುತ್ತದಲ್ಲ, ಅದರ ಬಗ್ಗೆ ಒಂದು ಮಾತು. ಜೇನುಹುಳಕ್ಕೆ ಹತ್ತು ಲಕ್ಷದ ಹತ್ತಿರ ನರಕೋಶ, ಮಿದುಳು ಎಳ್ಳಿನಷ್ಟು. ಹೂ ಕಂಡು ಬಂದ ಹುಳ ಗೂಡಿನ ಮೇಲೆ ಹೊಟ್ಟೆ ಅಲ್ಲಾಡಿಸುತ್ತಾ ಒಂದು ಗೆರೆ ಓಡುತ್ತದೆ, ತಿರುಗಿ ಬಂದು ಮತ್ತೆ ಓಡುತ್ತದೆ. ಆ ಗೆರೆ ನೆಟ್ಟಗೆ ಮೇಲಕ್ಕಿದ್ದರೆ ಸೂರ್ಯನ ಕಡೆ ಹೋಗಿ ಅಂತ ಅರ್ಥ. ಬಲಕ್ಕೆ ವಾಲಿದ್ದರೆ ಸೂರ್ಯನಿಂದ ಅಷ್ಟೇ ಬಲಕ್ಕೆ. ಜಾಸ್ತಿ ಹೊತ್ತು ಅಲ್ಲಾಡಿಸಿದರೆ ಜಾಸ್ತಿ ದೂರ. ಈ ಕುಣಿತದ ಭಾಷೆ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಸಿಕ್ಕಿತು.

ಈಗ ನನ್ನ ಚಿಕ್ಕಿ ಕಳ್ಳಿಗೆ ಬರೋಣ.

ಕೋತಿಗೆ ಹಣ್ಣು ಹುಡುಕುವುದಕ್ಕೆ ಅಷ್ಟೊಂದು ಬುದ್ಧಿ ಬೇಕಾ? ಬೇಕು, ಆದರೆ ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಬೇರೆ ಕೋತಿಗಳು. ಗುಂಪಿನಲ್ಲಿ ಯಾರು ಯಾರ ಕಡೆ, ಯಾರು ಯಾರ ಮಗಳು, ಯಾರ ಮುಂದೆ ತಲೆ ತಗ್ಗಿಸಬೇಕು, ಯಾರ ಕಣ್ಣು ತಪ್ಪಿಸಿ ತಿನ್ನಬೇಕು. ಊರಿನ ಪಂಚಾಯ್ತಿ ರಾಜಕೀಯ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಪು ಬಾಳ್ವೆಯೇ ಕೋತಿ, ವಾನರಗಳ ಮಿದುಳನ್ನು ಬೆಳೆಸಿತು ಅಂತ ರಾಬಿನ್ ಡನ್‌ಬಾರ್ ಮುಂತಾದವರು ವಾದ ಮಾಡಿದರು. ಅಲ್ಲ, ಹಣ್ಣಿನ ಊಟವೇ ಮುಖ್ಯ ಅನ್ನುವವರೂ ಇದ್ದಾರೆ. ನನಗೆ ಎರಡೂ ಸೇರಿದೆ ಅನ್ನಿಸುತ್ತದೆ.

ಕಣ್ಣಿನ ಲೆಕ್ಕಕ್ಕೆ ಮಾತ್ರ ಒಳ್ಳೆ ಸಾಕ್ಷಿ ಇದೆ. ಪೋರ್ಟೊ ರಿಕೊ ಪಕ್ಕದಲ್ಲಿ ಕಾಯೋ ಸ್ಯಾಂಟಿಯಾಗೊ ಅಂತ ಒಂದು ದ್ವೀಪ. ಅಲ್ಲಿರುವುದು 1938ರಲ್ಲಿ ನಮ್ಮ ದೇಶದಿಂದಲೇ ಹಡಗಿನಲ್ಲಿ ಒಯ್ದ ರೀಸಸ್ ಕೋತಿಗಳ ವಂಶ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಬ್ಬರು ದ್ರಾಕ್ಷಿ ಇಟ್ಟುಕೊಂಡು ನಿಂತರು. ಒಬ್ಬರು ಕೋತಿಯ ಕಡೆ ನೋಡುತ್ತಾ, ಇನ್ನೊಬ್ಬರು ಬೆನ್ನು ಹಾಕಿ. ಕೋತಿ ಬೆನ್ನು ಹಾಕಿದವರ ದ್ರಾಕ್ಷಿ ಕದ್ದಿತು. ಆಮೇಲೆ ಒಬ್ಬರು ಬಾಯಿ ಮುಚ್ಚಿಕೊಂಡರು, ಇನ್ನೊಬ್ಬರು ಕಣ್ಣು ಮುಚ್ಚಿಕೊಂಡರು. ಆಗಲೂ ಕಳ್ಳತನ ಕಣ್ಣು ಮುಚ್ಚಿದವರ ಹತ್ತಿರವೇ. ಫೋನ್ ನೋಡುತ್ತಿದ್ದ ನಾನು ಎರಡನೇ ಪೈಕಿ.

ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಭಕ್ತರ, ಪ್ರವಾಸಿಗರ ಕನ್ನಡಕ, ಫೋನ್ ಕಿತ್ತುಕೊಂಡು, ತಿಂಡಿ ಕೊಟ್ಟರೆ ವಾಪಸ್ ಕೊಡುತ್ತವೆ. ದೊಡ್ಡ ಕೋತಿಗಳು ಜನಕ್ಕೆ ಯಾವುದರ ಆಸೆ ಜಾಸ್ತಿ ಅಂತ ತಿಳಿದು ಅದನ್ನೇ ಆರಿಸುತ್ತವೆ. ನಾಲ್ಕು ವರ್ಷದೊಳಗಿನ ಮರಿಗಳಿಗೆ ಆ ಬೆಲೆ ಇನ್ನೂ ಗೊತ್ತಿರುವುದಿಲ್ಲ, ನೋಡಿ ನೋಡಿ ಕಲಿಯುತ್ತವೆ. ನನ್ನ ಕಳ್ಳಿಯ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯೂ ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಇತ್ತು.

ಮನುಷ್ಯನ ಕಥೆ ಬೇಗ ಹೇಳುತ್ತೇನೆ, ಇದನ್ನು ಎಲ್ಲರೂ ಹೇಳಿದ್ದಾರೆ. ಇಥಿಯೋಪಿಯಾದಲ್ಲಿ 1974ರಲ್ಲಿ ಮೂಳೆಗಳಾಗಿ ಸಿಕ್ಕ ಲೂಸಿ, ಮನುಷ್ಯರ ಹಳೆಯ ಬಳಗದವಳು, ಸುಮಾರು 32 ಲಕ್ಷ ವರ್ಷ ಹಳಬಳು. ಅವಳಿಂದ ನಮ್ಮವರೆಗೆ ಮಿದುಳು ಹೆಚ್ಚುಕಡಿಮೆ ಮೂರು ಪಟ್ಟು ಆಯಿತು. ನಮ್ಮಲ್ಲಿ ಸುಮಾರು 8,600 ಕೋಟಿ ನರಕೋಶ. ಆನೆಗೆ 25,700 ಕೋಟಿ, ಆದರೆ ಬಹುಪಾಲು ಹಿಮ್ಮಿದುಳಿನಲ್ಲಿ. ಇಷ್ಟು ದೊಡ್ಡ ತಲೆಗೆ ರೊಟ್ಟಿ ಎಲ್ಲಿಂದ? ಒಲೆಯಿಂದ, ಅನ್ನುತ್ತಾರೆ ರಿಚರ್ಡ್ ರಾಂಗಮ್. ಬೇಯಿಸಿದ್ದು ಬೇಗ ಅರಗುತ್ತದೆ, ಅಗಿಯುವ ಹೊತ್ತು ಉಳಿಯುತ್ತದೆ, ಕರುಳು ಚಿಕ್ಕದಾದರೂ ನಡೆಯುತ್ತದೆ. ಬೆಂಕಿ ಅಷ್ಟು ಹಿಂದೆಯೇ ಕೈಗೆ ಬಂದಿತ್ತಾ ಅನ್ನುವ ತಕರಾರು ಇನ್ನೂ ಮುಗಿದಿಲ್ಲ.

[ದೃಶ್ಯ: ಸಂಗನಕಲ್ಲು ಗುಡ್ಡ, ಬಳ್ಳಾರಿ. ಮಧ್ಯಾಹ್ನದ ಬಿಸಿಲು.]

ಕೊನೆಗೆ ಇಲ್ಲಿಗೆ ಬಂದೆ. ಬಳ್ಳಾರಿಯಿಂದ ಹತ್ತಿರವೇ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ ಈ ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಕಲ್ಲಿನ ಕೊಡಲಿ ಹುಡುಕಿಕೊಂಡು ಓಡಾಡಿದರು, ಅವರ ಹೆಸರಿನ ಮ್ಯೂಸಿಯಂ ಊರಿನಲ್ಲೇ ಇದೆ. ಸುಮಾರು 4,000 ವರ್ಷದ ಹಿಂದೆ ಇಲ್ಲಿ ಡಾಲರೈಟ್ ಅನ್ನುವ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ, ಕಾರ್ಖಾನೆಯ ಹಾಗೆ. ಆ ಜನರ ಮಿದುಳು ನಮ್ಮಷ್ಟೇ.

ಈ ಬಂಡೆ ಮೇಲೆ ಕೈ ಇಟ್ಟು ನೋಡಿ. ಉದ್ದುದ್ದ ತಗ್ಗು, ಒಳಗೆ ನುಣುಪು, ರುಬ್ಬುವ ಕಲ್ಲಿನ ಹಾಗೆ. ಕೊಡಲಿಯ ಬಾಯಿ ಉಜ್ಜಿ ಉಜ್ಜಿ ಆದ ಗುರುತು. ಒಬ್ಬರು ಉಜ್ಜಿದರೆ ಗಟ್ಟಿ ಕಲ್ಲು ಇಷ್ಟು ಸವೆಯುವುದಿಲ್ಲ. ಅಪ್ಪ ಕೂತ ಜಾಗದಲ್ಲೇ ಮಗ ಕೂತಿರಬೇಕು, ಅವ್ವನ ಪಕ್ಕದಲ್ಲಿ ಮಗಳು. ಯಾರೋ ಯಾರಿಗೋ "ಹಂಗಲ್ಲ, ಹಿಂಗ ಹಿಡಿ" ಅಂದಿರಬೇಕು. ಕೋತಿಮರಿ ನೋಡಿ ಕಲಿಯುತ್ತದೆ. ಇಲ್ಲಿ ಒಬ್ಬರು ನಿಂತು ತಿದ್ದಿದ್ದಾರೆ.

ನಾನು ಕೂತಾಗ ನನ್ನ ಕೈಯೂ ಸರಿಯಾಗಿ ಆ ತಗ್ಗಿಗೇ ಹೋಯಿತು. ನೀವು ಬಂದರೆ ಉಜ್ಜಬೇಡಿ, ಮುಟ್ಟಿ ನೋಡಿ ಸಾಕು. ನೀರು ಜಾಸ್ತಿ ತನ್ನಿ, ಇಲ್ಲಿ ನೆರಳಿಲ್ಲ. ಅಂಜನಾದ್ರಿಗೆ ಹೋದರೆ ಚಿಕ್ಕಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.